ಪಕ್ಕದ ಸೀಟಿನ ಬ್ರೇಕು

ಯೋಕೋಹಾಮಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಬೀಗ ಹಾಕಬಹುದಾದ ಡ್ರಾಯರ್ ಎಂದರೆ ಅಡುಗೆಕಟ್ಟೆಯ ಕೆಳಗಿನದೊಂದೇ. ಹೀಗಾಗಿ ನಮ್ಮ ಪಾಸ್‌ಪೋರ್ಟುಗಳು, ಮಗಳ ಲಸಿಕೆಯ ಚೀಟಿ, ನನ್ನ ಡ್ರೈವಿಂಗ್ ಲೈಸೆನ್ಸು ಎಲ್ಲವೂ ಊರಿನಿಂದ ತಂದ ಇಂಗಿನ ಡಬ್ಬಿಯ ಜೊತೆ ಸಂಸಾರ ಹೂಡಿದ್ದವು. ಕಾಗದ ಕೇಳಿದವರ ಕೈಗೆ ಅದನ್ನಿತ್ತಾಗ ಅವರ ಮೂಗು ಒಮ್ಮೆ ಅರಳಿ, ಹಾಗೇ ಸುಮ್ಮನಾಗುತ್ತಿತ್ತು. ಜಪಾನೀಯರು ಸಭ್ಯರು, ಏನೂ ಅನ್ನುತ್ತಿರಲಿಲ್ಲ. ಆ ಇಂಗಿನ ಘಮದ ಲೈಸೆನ್ಸಿನ ವಿಷಯವನ್ನೇ ನಿಮಗೆ ಹೇಳಹೊರಟಿದ್ದೇನೆ. ಅದು ಸುಳ್ಳು ಲೈಸೆನ್ಸೇನಲ್ಲ, ಸರ್ಕಾರದ ಮೊಹರಿದ್ದ ಅಪ್ಪಟ ಲೈಸೆನ್ಸು. ಸುಳ್ಳು ಇದ್ದದ್ದು ನನ್ನಲ್ಲಿ, ಅದೂ ನನಗೇ ಗೊತ್ತಿಲ್ಲದ ಹಾಗೆ.

ಮೈಸೂರಿನಲ್ಲಿ ನನಗೆ ಕಾರು ಕಲಿಸಿದವರು ನಂಜಪ್ಪ ಮೇಷ್ಟ್ರು. ಹಳೆಯ ಫಿಯೆಟ್ಟು, ತಲೆಯ ಮೇಲೆ ಕೆಂಪು ಬೋರ್ಡು. ಡ್ರೈವಿಂಗ್ ಶಾಲೆಯ ಕಾರುಗಳನ್ನು ನೀವೂ ಕಂಡಿರುತ್ತೀರಿ; ಕಲಿಯುವವರ ಕಾಲಡಿಯಲ್ಲಿರುವ ಹಾಗೆಯೇ ಕಲಿಸುವವರ ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. "ನೀವ್ ಸ್ಟೇರಿಂಗ್ ಹಿಡ್ಕಳಿ ಮೇಡಮ್ಮೋರೆ, ಮಿಕ್ಕಿದ್ನೆಲ್ಲ ನಾನ್ ನೋಡ್ಕತೀನಿ" ಎಂಬುದು ಅವರ ಅಭಯವಚನ. ಇಪ್ಪತ್ತೊಂದು ದಿನ ನಾನು ಹಿಡಿದೆ, ಅವರು ನೋಡಿಕೊಂಡರು. ಪರೀಕ್ಷೆಯ ದಿನವೂ ಪಕ್ಕದಲ್ಲಿ ಅವರೇ ಕೂತಿದ್ದರು. ನಾನು ಎಂಟರ ಆಕಾರವನ್ನು ಮುತ್ತಿನಂಥ ರಂಗೋಲಿಯ ಎಳೆಯ ಹಾಗೆ ಬರೆದು ಮುಗಿಸಿ, ಮನೆಗೆ ಬಂದು ಪೇಡ ಹಂಚಿದೆ. ಆಮೇಲೆ ಕಾರೇ ಇರಲಿಲ್ಲವಾದ್ದರಿಂದ ಓಡಿಸುವ ಸಂದರ್ಭ ಬರಲಿಲ್ಲ, ಓಡಿಸಲು ಬಾರದು ಎಂಬ ಅನುಮಾನವೂ ಬರಲಿಲ್ಲ.

ನಾನು ಜಪಾನಿಗೆ ಬಂದದ್ದು ಶತಮಾನ ಮಗುಚುವಾಗ ಕಂಪ್ಯೂಟರುಗಳು ಕೈಕೊಡದಿರಲೆಂದು ತಾರೀಕುಗಳನ್ನು ತಿದ್ದುವ ಕೆಲಸಕ್ಕೆ. ಹೊಸ ವರ್ಷದ ಬೆಳಿಗ್ಗೆ ಎದ್ದು ನೋಡಿದರೆ ಏನೂ ಆಗಿರಲಿಲ್ಲ. ಹಾಲೂ ಬಂತು, ರೈಲೂ ಬಂತು. ನಮ್ಮಂಥವರನ್ನೆಲ್ಲ ಇನ್ನು ವಾಪಸು ಕಳಿಸುತ್ತಾರೆ ಎಂದುಕೊಳ್ಳುವಷ್ಟರಲ್ಲಿ, ಮೋಟಾರು ಬಿಡಿಭಾಗ ಮಾಡುವ ಒಂದು ಕಂಪನಿಯವರು ನನ್ನನ್ನು ಕರೆದುಕೊಂಡು ಹೊಸದೊಂದು ಕೆಲಸಕ್ಕೆ ಹಚ್ಚಿದರು. ಕಾರು ತಿರುವಿನಲ್ಲಿ ಜಾರತೊಡಗಿದರೆ, ಚಾಲಕ ಎತ್ತ ಹೋಗಲು ಬಯಸಿದ, ಗಾಡಿ ಎತ್ತ ಹೊರಟಿದೆ ಎಂದು ಲೆಕ್ಕ ಹಾಕಿ, ಯಾವುದೋ ಒಂದು ಚಕ್ರಕ್ಕೆ ತಾನೇ ಬ್ರೇಕು ಹಾಕಿ ದಾರಿಗೆ ತರುವ ಪ್ರೋಗ್ರಾಮು. ಮೂರು ವರ್ಷದ ವೀಸಾ, ಮಗಳಿಗೆ ಒಳ್ಳೆಯ ಶಾಲೆ, ನನ್ನದೇ ಎಂದು ಹೇಳಿಕೊಳ್ಳಬಹುದಾದ ಕೆಲಸ. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಪ್ರೋಗ್ರಾಮನ್ನು ಪರೀಕ್ಷಿಸಲು ಕಂಪನಿ ಎರಡು ಕಾರುಗಳನ್ನು ತರಿಸಿತ್ತು. ಒಂದು ಅಮೆರಿಕದ ಮಸಲ್ ಕಾರು: ಎರಡೇ ಬಾಗಿಲು, ಉದ್ದ ಮೂತಿ, ಆ ಮೂತಿಯೊಳಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನು. ಇನ್ನೊಂದು ಯುರೋಪಿನ ಸ್ಪೋರ್ಟ್ಸ್ ಸೆಡಾನು: ನಾಲ್ಕು ಬಾಗಿಲಿನ, ನೋಡಲು ಬ್ಯಾಂಕ್ ಮ್ಯಾನೇಜರರ ಹಾಗೆ ಗಂಭೀರವಾದ, ಒಳಗೊಳಗೇ ಚುರುಕಾದ ಗಾಡಿ. ಎರಡೂ ತಿರುವು ಹಾಯುವಾಗ ಬಂದ ಅಂಕಿಗಳು ನನ್ನ ಮೇಜಿಗೆ ಬರುತ್ತಿದ್ದವು. ಆರು ತಿಂಗಳು ಆ ಅಂಕಿಗಳನ್ನು ಜರಡಿ ಹಿಡಿದು ನಾನು ಬರೆದ ವರದಿಯ ಸಾರಾಂಶ ಇಷ್ಟೇ: ಯುರೋಪಿನದು ಸುಶೀಲೆ, ಅಮೆರಿಕದ್ದು ಪುಂಡ. ಅದರ ಹಿಂಭಾಗ ಸದಾ ಅತ್ತಿತ್ತ ಸರಿಯುತ್ತದೆ, ನನ್ನ ಪ್ರೋಗ್ರಾಮು ಪ್ರತಿ ತಿರುವಿನಲ್ಲೂ ಅದರ ಕಿವಿ ಹಿಂಡಬೇಕಾಗುತ್ತದೆ, ಆದ್ದರಿಂದ ದೋಷ ಗಾಡಿಯದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಆಗ ನನಗೆ ನೆನಪಾಗಬಾರದೇ?

ನಮ್ಮ ತಂಡದ ಮುಖ್ಯಸ್ಥರು ಹೊಸೊದಾ-ಸಾನ್, ಎಂದರೆ ಹೊಸೊದಾ ಅವರು, ಮೂವತ್ತು ವರ್ಷ ಕಾರು ಓಡಿಸಿ ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ತೆಳ್ಳನೆಯ ಮನುಷ್ಯರು. ವರದಿಯನ್ನು ಪೂರ್ತಿ ಓದಿ, ಮಡಿಸಿ, "ನೀವು ಓಡಿಸಿ ನೋಡಿದ್ರಾ?" ಎಂದು ಕೇಳಿದರು. ಅಲ್ಲಿನ ಪದ್ಧತಿ ಹಾಗೆ: ಕೆಲಸ ನಡೆಯುವ ಜಾಗಕ್ಕೆ ಹೋಗಿ, ವಸ್ತುವನ್ನು ಮುಟ್ಟಿ ನೋಡದವರ ಮಾತಿಗೆ ತೂಕವಿಲ್ಲ. ಪ್ರೋಗ್ರಾಮು ಬರೆದವರು ಪರೀಕ್ಷಾ ಪಥದಲ್ಲಿ ತಾವೇ ಗಾಡಿ ಓಡಿಸಬೇಕು. ಅಲ್ಲಿಯವರೆಗೆ ಅವರ ಪ್ರೋಗ್ರಾಮಿಗೆ ಮುಖ್ಯಸ್ಥರ ಮೊಹರು ಬೀಳುವುದಿಲ್ಲ, ಮೊಹರು ಬೀಳದ ಪ್ರೋಗ್ರಾಮು ಕಾರು ಹತ್ತುವುದಿಲ್ಲ. ಲೈಸೆನ್ಸು ಎಷ್ಟು ವರ್ಷದ್ದು ಎಂದು ಅವರು ಕೇಳಿದ್ದಕ್ಕೆ ನಾನು ಎಂಟು ವರ್ಷ ಎಂದೆ. "ಎಂಟು! ಅದೂ ಭಾರತದ ರಸ್ತೆಯಲ್ಲಿ!" ಎಂದು ಅವರು ಗೌರವದಿಂದ ತಲೆ ಬಾಗಿಸಿದಾಗ, ಆ ಎಂಟು ವರ್ಷದಲ್ಲಿ ನಾನು ಒಮ್ಮೆಯೂ ಕಾರು ಮುಟ್ಟಿಲ್ಲವೆಂಬುದು ನೆನಪಾಯಿತು.

ಮನೆಗೆ ಬಂದು ಗಂಡನ ಹತ್ತಿರ ಗೋಳು ತೋಡಿಕೊಂಡೆ. ನಮ್ಮ ರಘು ಯಾವ ಸಮಸ್ಯೆಯನ್ನೂ ಚಪಾತಿ ಮಗುಚುವಷ್ಟರಲ್ಲಿ ಬಗೆಹರಿಸುವ ಆಸಾಮಿ. "ಲೈಸೆನ್ಸ್ ಒರಿಜಿನಲ್ಲೇ ತಾನೆ? ಮತ್ತೇನ್ ಟೆನ್ಷನ್ನು! ಅಲ್ಲಿ ಟ್ರಾಫಿಕ್ಕೇ ಇರಲ್ಲ ಕಣೆ, ಸುಮ್ನೆ ಸ್ಟೀರಿಂಗ್ ಹಿಡ್ಕೊಂಡು ಹೋಗ್ತಾ ಇರು."

"ಬ್ರೇಕು?"

"ಅದೂ ಇರುತ್ತೆ."

ಈ ಪುಣ್ಯಾತ್ಮನನ್ನು ಕಟ್ಟಿಕೊಂಡು ನಾನು ನಗಲೋ ಅಳಲೋ. ಬಾಯಿಬಿಟ್ಟರೆ ಕೆಲಸ ಬೇರೆಯವರ ಪಾಲಾಗುತ್ತದೆ, ಬಿಡದಿದ್ದರೆ ಗಾಡಿ ಎಲ್ಲಿ ಹೋಗಿ ಗುದ್ದುತ್ತದೋ ದೇವರಿಗೇ ಗೊತ್ತು. ಮೂರು ವಾರ ಊಟ ಸೇರಲಿಲ್ಲ.

ಪರೀಕ್ಷಾ ಪಥ ಇದ್ದದ್ದು ಯೋಕೋಹಾಮಾದಿಂದ ಮೂರು ಗಂಟೆ ದೂರದ ಗುಡ್ಡಗಳ ನಡುವೆ. ಐದು ದಿನದ ಶಿಬಿರ. ಮೊದಲ ದಿನ ಹೊಸೊದಾ-ಸಾನ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಕಾರುಗಳನ್ನು ತಾವೇ ಓಡಿಸಿ ತೋರಿಸಿದರು. ಆ ಅರ್ಧ ದಿನದಲ್ಲಿ ನನಗೆ ತಿಳಿದದ್ದು ಆರು ತಿಂಗಳ ಅಂಕಿಗಳಲ್ಲಿ ತಿಳಿದಿರಲಿಲ್ಲ. ಯುರೋಪಿನ ಸೆಡಾನು ತಿರುವಿಗೆ ಬಂದಾಗ ಚೂರೇ ಚೂರು ವಾಲಿ, ಅಲ್ಲೇ ಸ್ಥಿರವಾಗಿ ನಿಂತು, ಚಾಲಕ ನೋಡಿದ ಕಡೆಗೆ ತಾನೂ ನೋಡುತ್ತ ಹರಿದು ಹೋಗುತ್ತಿತ್ತು. ಒಂದೊಂದು ಚಕ್ರವೂ ತನ್ನ ಪಾಡಿನ ಹಳ್ಳತಿಟ್ಟನ್ನು ತಾನೇ ನುಂಗಿಕೊಂಡು ಬೇರೆಯವುಗಳಿಗೆ ಸುದ್ದಿ ಮುಟ್ಟಿಸುತ್ತಿರಲಿಲ್ಲ. ಅಮೆರಿಕದ ಗಾಡಿಯದು ಅವಿಭಕ್ತ ಕುಟುಂಬ. ಹಿಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚಿಗೆ ಬಿಗಿದಿದ್ದರಿಂದ ಒಂದು ಎಡವಿದರೆ ಇನ್ನೊಂದೂ ಅಯ್ಯಯ್ಯೋ ಎನ್ನುತ್ತಿತ್ತು. ನೇರ ದಾರಿಯಲ್ಲಿ ಅದು ಮುನ್ನುಗ್ಗುವ ರಭಸಕ್ಕೆ ಬೆನ್ನು ಸೀಟಿಗೆ ಅಂಟುತ್ತಿತ್ತು, ತಿರುವು ಬಂದರೆ ಮಾತ್ರ ಭಾರದ ಮೂತಿ ಮೊದಲು ಒಲ್ಲೆ ಎಂದು, ಆಮೇಲೆ ವಾಲಿಕೊಂಡು ತಿರುಗಿ, ಆಕ್ಸಿಲರೇಟರನ್ನು ತುಸು ಹೆಚ್ಚು ಒತ್ತಿದರೆ ಹಿಂಭಾಗ ಹೊರಕ್ಕೆ ಸರಿಯುತ್ತಿತ್ತು. ಹೊಸೊದಾ-ಸಾನ್ ಮಾತ್ರ ಪ್ರತಿ ಸಲವೂ ಸ್ಟೀರಿಂಗನ್ನು ಅಷ್ಟೇ ಅಷ್ಟು ಹಿಂದಕ್ಕೆ ತಿರುಗಿಸಿ, ಕಾಲು ಸಡಿಲಿಸಿ, "ಇದು ಮುಂಚೆನೇ ಹೇಳುತ್ತೆ, ನೋಡಿ. ಬೀಳೋಕ್ಕಿಂತ ಮುಂಚೆನೇ ಹೇಳುತ್ತೆ" ಎಂದು ಮೆಚ್ಚಿಕೊಳ್ಳುತ್ತಿದ್ದರು.

ಇಬ್ಬರೂ ಇಳಿದ ಮೇಲೆ ಅವರು ಆ ಗಾಡಿಯ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ನಾನೂ ಎರಡೂ ಕೈಯಲ್ಲಿ ಇಸಿದುಕೊಂಡು, ನಮ್ಮೂರಿನ ಅಭ್ಯಾಸದಂತೆ ಬಲಬಾಗಿಲು ತೆರೆದು ಕೂತೆ. ಅಮೆರಿಕದ ಗಾಡಿಗೆ ಸ್ಟೀರಿಂಗು ಎಡಕ್ಕೆ. ನನ್ನ ಮುಂದೆ ಏನೂ ಇರಲಿಲ್ಲ, ಕಾಲಡಿಯಲ್ಲೂ ಏನೂ ಇರಲಿಲ್ಲ. ಹೊಸೊದಾ-ಸಾನ್ ನಗುತ್ತ, ನಾನು ಇಳಿದು ಈ ಕಡೆಗೆ ಬರಲೆಂದು ಕಾದರು. ನಾನು ಇಳಿಯಲಿಲ್ಲ. ಆ ಖಾಲಿ ಜಾಗದಲ್ಲಿ ನನ್ನ ಬಲಗಾಲು ತಾನಾಗಿಯೇ ಬ್ರೇಕನ್ನು ಹುಡುಕುತ್ತಿತ್ತು. ಆ ಎಂಟರ ಆಕಾರ ಬರೆದವರು ಯಾರೆಂದು ನನಗೆ ಅರ್ಥವಾದದ್ದು ಆಗಲೇ.

"ಸುಮಿಮಾಸೆನ್, ತಪ್ಪಾಯ್ತು, ನಂಗೆ ಓಡಿಸೋಕೆ ಬರಲ್ಲ" ಎಂದೆ. ಅವರ ಅರ್ಧ ಇಂಗ್ಲಿಷು, ನನ್ನ ಅರ್ಧ ಜಪಾನಿ ಸೇರಿಸಿ, ನಂಜಪ್ಪ ಮೇಷ್ಟ್ರ ಕಾಲುಗಳ ಕತೆಯನ್ನು ಕಣ್ಣೀರು ಹಾಕಿಕೊಂಡು ಹೇಳಿದೆ. ಅವರು ಹಲ್ಲುಗಳ ನಡುವೆ ಉಸಿರೆಳೆದುಕೊಂಡರು. ಅಲ್ಲಿನವರಿಗೆ ಸಿಟ್ಟು ಬಂದರೂ ಅಷ್ಟೇ, ದಿಕ್ಕು ತೋಚದಿದ್ದರೂ ಅಷ್ಟೇ. "ಇವತ್ತು ಹೇಳಿದ್ರಿ. ನಾಳೆ ಹೇಳಿದ್ರೆ ಯಾರಾದ್ರೂ ಸಾಯ್ತಿದ್ರು" ಎಂದರು, ಆ ಮಾತು ಚಾಟಿಯೇಟಿಗಿಂತ ಉರಿಯಿತು. ಮೊಹರು ಇಲ್ಲ, ಪ್ರೋಗ್ರಾಮು ಕಾರು ಹತ್ತುವುದಿಲ್ಲ. ಕೀಲಿಯನ್ನು ವಾಪಸು ತೆಗೆದುಕೊಂಡು ಕೇಳಿದರು: "ಅವರು ಬ್ರೇಕ್ ಹಾಕಿದಾಗ ನಿಮಗೆ ಒಂದ್ಸಲಾನೂ ಗೊತ್ತಾಗ್ಲಿಲ್ವಾ?"

"ಇಲ್ಲ. ನಾನೇ ಹಾಕ್ದೆ ಅಂದ್ಕೊಂಡಿದ್ದೆ."

ಆಗ ನಕ್ಕರು ನೋಡಿ, ಬಾನೆಟ್ಟಿನ ಮೇಲೆ ಕೈಯೂರಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನಕ್ಕು ಮುಗಿಸಿ ನನ್ನ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದರು. "ಸುಮಾ-ಸಾನ್, ನೀವು ಬರೆದಿರೋದೂ ನಿಮ್ಮ ಆ ಮೇಷ್ಟ್ರನ್ನೇ."

ಮಿತ್ರರೇ, ಆ ಮಧ್ಯಾಹ್ನವೆಲ್ಲ ನಾನು ಪಥದ ಬೇಲಿಯ ಬಳಿ ಕೂತು ಯೋಚಿಸಿದೆ. ಹೌದಲ್ಲ! ಹಿಂಭಾಗ ಕೂದಲೆಳೆಯಷ್ಟು ಸರಿದರೂ ನನ್ನ ಪ್ರೋಗ್ರಾಮು ಚಾಲಕನಿಗೆ ಸುಳಿವನ್ನೂ ಕೊಡದೆ ಬ್ರೇಕು ಹಾಕುತ್ತಿತ್ತು. ಪ್ರೋಗ್ರಾಮು ಬ್ರೇಕು ಹಾಕಿದಾಗ ಮಿನುಗಲೆಂದು ಚಾಲಕನ ಮುಂದೆ ಒಂದು ಹಳದಿ ದೀಪವಿತ್ತು. ಸುಮ್ಮನೆ ಗಾಬರಿಯೇಕೆ ಎಂದು ನಾನೇ ಅದನ್ನು ಆರಿಸಿಟ್ಟಿದ್ದೆ. ನನ್ನ ಪುಣ್ಯ, ಹೀಗೆ ನೋಡಿಕೊಳ್ಳುವವರಿಗೆ ನನ್ನ ಬಾಳಿನಲ್ಲಿ ಎಂದೂ ಬರವಿರಲಿಲ್ಲ. ಹುಡುಗಿಯಾಗಿದ್ದಾಗ ನಾನು ಮಾಡಿದ ಹುಳಿಗೆ ಅಮ್ಮ ಗುಟ್ಟಾಗಿ ಉಪ್ಪು ಬೆರೆಸಿಡುತ್ತಿದ್ದಳು. ಮದುವೆಯಾದ ಮೇಲೆ ಒಂದು ತಿಂಗಳು ನನ್ನ ಹುಳಿ ಏಕೆ ಸಪ್ಪೆಯಾಯಿತೆಂದು ನನಗೆ ತಿಳಿಯಲೇ ಇಲ್ಲ. ಇಲ್ಲಿಗೆ ಬಂದ ಮೇಲೆ ಕೊಂಬಿನಿ ಎಂಬ ಮೂಲೆಯಂಗಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಏಳು ವರ್ಷದ ಮಗಳು ಜಪಾನಿಯಲ್ಲಿ ಮಾತು ಮುಗಿಸಿರುತ್ತಾಳೆ. ನನ್ನ ಜಪಾನಿ ಅರ್ಧಕ್ಕೇ ನಿಂತದ್ದು ಅದಕ್ಕೇ. ಅವರೆಲ್ಲ ಪ್ರೀತಿಯಿಂದಲೇ ಮಾಡಿದರು, ನಂಜಪ್ಪ ಮೇಷ್ಟ್ರೂ ಸೇರಿ. ಆದರೆ ನಾನು ಬೀಳದಂತೆ ಹಿಡಿದುಕೊಂಡವರು, ಹಿಡಿದಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ, ನಾನು ಎಲ್ಲಿ ವಾಲುತ್ತೇನೆಂದಾದರೂ ನನಗೆ ತಿಳಿಯುತ್ತಿತ್ತು.

ಸಂಜೆ ಹೊಸೊದಾ-ಸಾನ್ ಬಳಿ ಹೋಗಿ, ನನಗೆ ಕಲಿಸಿ ಎಂದು ನೇರವಾಗಿ ಕೇಳಿದೆ. ಮಾರನೆಯ ಬೆಳಿಗ್ಗೆ ಆರಕ್ಕೆಲ್ಲ ಅವರು ಪಥದ ಪಕ್ಕದ ಸಮತಟ್ಟು ಬಯಲಿನಲ್ಲಿ ಕಾದಿದ್ದರು. ಸೆಡಾನಿಗೆ ಕೈಯಲ್ಲಿ ಹಾಕುವ ಗೇರು, ಅಮೆರಿಕದ್ದಕ್ಕೆ ತಾನಾಗಿಯೇ ಬೀಳುವ ಗೇರು. ಹೀಗಾಗಿ ನನ್ನ ಪಾಲಿಗೆ ಬಂದದ್ದು ನಾನು ಬೈದು ಬರೆದಿದ್ದ ಪುಂಡನೇ. ಪ್ರೋಗ್ರಾಮು ಪೂರ್ತಿ ಬಂದ್. ಮೂರು ಬೆಳಗು ನಾನು ಆ ಗಾಡಿಯನ್ನು ಬಸವನಹುಳುವಿನ ವೇಗದಲ್ಲಿ ಓಡಿಸಿದೆ, ನಿಲ್ಲಿಸಿದೆ, ಪ್ಲಾಸ್ಟಿಕ್ ಕಂಬಗಳನ್ನು ಸಾಲಾಗಿ ನೆಲಕ್ಕುರುಳಿಸಿದೆ. ಹೊಸೊದಾ-ಸಾನ್ ಪ್ರತಿ ಸಲವೂ ಇಳಿದು, ಕಂಬ ಎತ್ತಿ ನಿಲ್ಲಿಸಿ, ಮತ್ತೆ ಬಂದು ಕೂರುವರು. ಪಕ್ಕದಲ್ಲಿದ್ದರೂ ಕೈಗಳನ್ನು ತೊಡೆಯ ಮೇಲಿಂದ ಎತ್ತುತ್ತಿರಲಿಲ್ಲ. ನಿಧಾನವಾಗಿ ಆ ಗಾಡಿಯ ಮಾತು ನನಗೆ ಕೇಳಿಸತೊಡಗಿತು: ಮೂತಿ ಒಲ್ಲೆ ಎಂದರೆ ವೇಗ ಜಾಸ್ತಿಯಾಯಿತು ಎಂದರ್ಥ, ಅದರ ಸೊಂಟ ಹಗುರಾದರೆ, ಎಂದರೆ ಹಿಂಭಾಗ ಸರಿಯತೊಡಗಿದರೆ, ಕಾಲು ಸಡಿಲಿಸು ಎಂದರ್ಥ. ಮಧ್ಯಾಹ್ನಗಳಲ್ಲಿ ಕೂತು ಪ್ರೋಗ್ರಾಮನ್ನು ತಿದ್ದಿದೆ. ಗಾಡಿ ಹೇಳುವುದನ್ನು ಹೇಳಿ ಮುಗಿಸಲಿ, ಚಾಲಕ ಕೇಳಿಸಿಕೊಳ್ಳದೇ ಹೋದರೆ ಮಾತ್ರ ಹಿಡಿ, ಹಿಡಿದಾಗ ತಪ್ಪದೆ ದೀಪ ಹೊತ್ತಿಸು.

ಕೊನೆಯ ದಿನ ಹೊಸೊದಾ-ಸಾನ್ ತಿದ್ದಿದ ಪ್ರೋಗ್ರಾಮನ್ನು ತಾವೇ ಬೆಳಗಿನಿಂದ ಓಡಿಸಿ ನೋಡಿದರು. ಆಮೇಲೆ ನನ್ನ ಪಕ್ಕ ಕೂತು, ನಾನು ಪಥವನ್ನು ಎರಡು ಸುತ್ತು ನಿಧಾನವಾಗಿ ಹಾಯುವುದನ್ನು ನೋಡಿದರು. ಮೂರನೆಯ ಸುತ್ತಿಗೆ ಹೊರಡುವ ಮೊದಲು ನಿಲ್ಲಿಸಿ ಎಂದರು. ಬೆಲ್ಟು ಬಿಚ್ಚಿ, ಇಳಿದು, ಬಾಗಿಲು ಮುಚ್ಚಿದರು. ಏನಾಯಿತೆಂದು ನಾನು ಗಾಜು ಇಳಿಸಿದರೆ, "ದೋಜೋ" ಎಂದು ರಸ್ತೆಯ ಕಡೆ ಕೈ ತೋರಿಸಿದರು. ಮನೆಗೆ ಬಂದವರನ್ನು ಅಲ್ಲಿ ಒಳಗೆ ಕರೆಯುವುದು ಆ ಮಾತಿನಿಂದಲೇ.

ಅಮ್ಮಾ ಚಾಮುಂಡಿ ಎಂದು ಹೊರಟೆ. ಮೊದಲ ಎರಡು ತಿರುವು ಸರಿಯಾಗಿ ಬಂತು. ಬಂತಲ್ಲ ಎಂಬ ಗತ್ತಿನಲ್ಲೇ ನೀರು ಚಿಮುಕಿಸಿದ್ದ ಮೂರನೆಯ ತಿರುವಿಗೆ ಒಂದಿಷ್ಟು ಜೋರಾಗಿಯೇ ನುಗ್ಗಿದೆ. ಸೊಂಟ ಹಗುರಾಯಿತು, ಗಾಡಿ ಹೇಳಿತು, ನಾನು ಕೇಳಿಸಿಕೊಳ್ಳುವುದು ತಡವಾಯಿತು. ಹೊರಗಿನ ಚಕ್ರವನ್ನು ಯಾರೋ ಹಿಡಿದು ಎಳೆದಂತಾಗಿ ಕಾರು ದಾರಿಗೆ ಬಂತು. ಕಣ್ಣೆದುರು ಹಳದಿ ದೀಪ ಮಿನುಗಿ ಆರಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಬ್ರೇಕು ಹಾಕಿದ್ದು ನಾನಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು.

ಮುಗಿಸಿ ಬಂದಾಗ ಹೊಸೊದಾ-ಸಾನ್ ಜೇಬಿನಿಂದ ಪುಟ್ಟ ಮೊಹರು ತೆಗೆದು, ಬಾಯಿಂದ ಹಬೆಯೂದಿ, ನನ್ನ ಕಾಗದದ ಮೇಲೆ ಒತ್ತಿಯೇಬಿಟ್ಟರು. ತಂಡದವರೆಲ್ಲ ಚಪ್ಪಾಳೆ ತಟ್ಟಿ, ಬಸ್ಸಿಗೆ ಸಾಮಾನು ತುಂಬತೊಡಗಿದರು. ಕೆಲಸ ಅಲ್ಲಿಗೆ ಮುಗಿದಿತ್ತು, ನಾನೂ ಹೊರಡಬಹುದಿತ್ತು. ಆದರೆ ಇನ್ನೊಂದೇ ಸುತ್ತು ಎಂದು ಬೆರಳೆತ್ತಿ ಕೇಳಿದೆ. ಅವರು ಗಡಿಯಾರ ನೋಡಿಕೊಂಡು ಹೂಂ ಎಂದರು. ನೀರಿನ ತಿರುವು ಬಂದಾಗ ಮೊದಲೇ ವೇಗ ತಗ್ಗಿಸಿ, ಮೂತಿ ಒಪ್ಪುವವರೆಗೆ ಕಾದು, ಸೊಂಟ ಹಗುರಾಗುವ ಮುನ್ನವೇ ಕಾಲು ಸಡಿಲಿಸಿದೆ. ಪುಂಡ ಸಾಧುವಾಗಿ ತಿರುಗಿಕೊಂಡ. ದೀಪ ಹೊತ್ತಲಿಲ್ಲ. ಕಾರಿನಲ್ಲಿ ನಾನೊಬ್ಬಳೇ ಇದ್ದೆನಾದ್ದರಿಂದ, "ಭಲೇ ಸುಮಾ!" ಎಂದು ಗಂಟಲು ಬಿರಿಯುವ ಹಾಗೆ ಕೂಗಿಕೊಂಡೆ.