ಗೋಡೆಯಾಚೆಯ ಸ್ಪೀಕರ್

ವಯರಮ್ಮ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮನೆಮನೆಗೆ ಹೋಗಿ ಸ್ಪೀಕರ್ ಕೂರಿಸುವುದು ಅವಳ ಕಸುಬು. ಕೆಲಸ ಮಾಡುವಾಗ ಬಾಯಿಗೆ ಬಿಡುವೇ ಇಲ್ಲ. ವಯರಿನ ಸಿಪ್ಪೆ ಸುಲಿದು, ಕೂದಲೆಳೆಯಂಥ ತಾಮ್ರದ ಎಳೆಗಳನ್ನು ಬೆರಳಲ್ಲಿ ಹೊಸೆಯುತ್ತ, "ಒಂದೇ ಒಂದು ಎಳೆ ಆಚೆ ಉಳಿದು ಪಕ್ಕದ್ದಕ್ಕೆ ತಾಗ್ತೋ, ಮುಗೀತು. ಅತ್ತೆ ಸೊಸೆ ಎದುರುಬದುರು ಕೂತ ಹಾಗೆ!" ಎಂದು ನಗಿಸುವಳು. ದೆವ್ವ ಭೂತವೆಂದರೆ ಅವಳಿಗೆ ಗೇಲಿ.

ಒಂದು ಮಧ್ಯಾಹ್ನ ನಿವೃತ್ತ ಟೀಚರೊಬ್ಬರ ಮನೆಗೆ ಹೋದಳು. ದೊಡ್ಡ ಮನೆಯೊಂದನ್ನು ಅಕ್ಕತಂಗಿಯರು ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡಿದ್ದರು. ಈಚೆ ತಂಗಿ ಟೀಚರು. ಆಚೆಯಿದ್ದ ಅಕ್ಕ ಕಳೆದ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಆ ಬಾಗಿಲಿಗೆ ಬೀಗ.

ಹೊಸ ವಯರುಗಳ ತುದಿಗೆ ಪ್ಲಗ್ ಹಾಕಿ ಮುಗಿಸುವಾಗ, ಕಪಾಟಿನ ಹಿಂದೆ ಗೋಡೆಯಿಂದ ಇಣುಕುತ್ತಿದ್ದ ಹಳೆಯ ವಯರೊಂದು ಕಂಡಿತು. ಅದು ಎಲ್ಲಿಗೆ ಹೋಗುತ್ತದೋ ನೋಡೋಣವೆಂದು ತುದಿ ಸುಲಿದು, ಸದ್ದು ಕೇಳಿಸುವ ತನ್ನ ಪರೀಕ್ಷೆಯ ಪೆಟ್ಟಿಗೆಗೆ ಸಿಕ್ಕಿಸಿದಳು. ಆ ಕೊನೆಯಲ್ಲಿ ಸ್ಪೀಕರ್ ಇದ್ದರೆ ಅದೇ ಮೈಕಿನಂತೆ ಅಲ್ಲಿನ ಸದ್ದನ್ನು ಹೊತ್ತು ತರುತ್ತದೆ.

ಪೆಟ್ಟಿಗೆ ಗೊರಗುಟ್ಟಿತು. ಆಮೇಲೆ ಉಸಿರು. ನಿಧಾನವಾಗಿ, ಎಳೆದೆಳೆದು, ಯಾರೋ ಸ್ಪೀಕರಿಗೆ ಕಿವಿಗೊಟ್ಟು ಕೂತ ಹಾಗೆ.

"ಆಚೆ ಯಾರಿದ್ದಾರೆ ಟೀಚರ್?"

"ಯಾರೂ ಇಲ್ಲ. ಬೀಗದ ಕೈ ನನ್ನ ಹತ್ರಾನೇ ಇದೆ." ಟೀಚರು ಪೆಟ್ಟಿಗೆಗೆ ಕಿವಿಯಿಟ್ಟರು. "ಅಕ್ಕನಿಗೆ ದಮ್ಮಿತ್ತು. ಹೀಗೇ ಉಸಿರಾಡ್ತಿದ್ಲು."

ಇಬ್ಬರೂ ಹೋಗಿ ಬೀಗ ತೆಗೆದರು. ಕಿಟಕಿಗಳೆಲ್ಲ ಭದ್ರ. ನೆಲದ ತುಂಬ ಧೂಳು, ಒಂದು ಹೆಜ್ಜೆಗುರುತೂ ಇಲ್ಲ. ಮೂಲೆಯಲ್ಲಿ ಹಳೆಯ ಸ್ಪೀಕರ್. ಅದರ ಮುಂದೆ ಒಬ್ಬರು ಕೂರುವಷ್ಟು ಜಾಗ ಮಾತ್ರ ಆಗತಾನೇ ಒರೆಸಿಟ್ಟಂತೆ ಹೊಳೆಯುತ್ತಿತ್ತು.

"ನಮ್ಮಿಬ್ಬರಿಗೂ ಮಾತಿರ್ಲಿಲ್ಲ," ಟೀಚರು ಮೆಲ್ಲಗೆ ಹೇಳಿದರು. "ಗೋಡೆ ಎದ್ದಾಗ ಈ ವಯರನ್ನ ನಾನೇ ಕಿತ್ತು ಹಾಕಿದ್ದೆ. ಅವಳಿಗೆ ಹಾಡಂದ್ರೆ ಪ್ರಾಣ."

"ಪೂರ್ತಿ ಕತ್ತರಿಸಿಬಿಡ್ಲಾ?"

"ಬೇಡ. ಜೋಡಿಸು."

ಮತ್ತೆ ಬೀಗ ಹಾಕಿ ಇಬ್ಬರೂ ಈಚೆ ಬಂದರು. ವಯರಮ್ಮ ಹೊಸೆದಷ್ಟೂ ಎಳೆಗಳು ಬಿಚ್ಚಿಕೊಂಡವು. ಕೊನೆಗೂ ಪ್ಲಗ್ ಕೂತಿತು. ಹಾಡು ಗೋಡೆಯ ಎರಡೂ ಕಡೆ ಎದ್ದಿತು. ಟೀಚರು ಗೋಡೆಗೊರಗಿ ನೆಲದ ಮೇಲೆ ಕೂತು ಬಿಕ್ಕಿದರು. ಆಚೆಯಿಂದ ಯಾರೋ ಬೆರಳಲ್ಲಿ ಮೆತ್ತಗೆ ತಾಳ ಹಾಕುತ್ತಿದ್ದುದು ಇಬ್ಬರಿಗೂ ಕೇಳಿತು.

"ಆ ಮನೆ ಕೆಲಸ ಇನ್ಮೇಲೆ ನೀವೇ ನೋಡ್ಕೊಳ್ಳಿ," ಎಂದು ಆ ಸಂಜೆ ವಯರಮ್ಮ ತನ್ನದೇ ಕಸುಬಿನ ಗಂಡನಿಗೆ ಹೇಳಿದಳು. ಅವನು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಮುಂದಿನ ಸಲ ಟೀಚರು ಕರೆದಾಗ ಅವನೇ ಹೋದ. ಬಂದವನು ಚೀಲವನ್ನು ಬಾಗಿಲಲ್ಲೇ ಇಳಿಸಿ, ಹೆಂಡತಿಯ ಪಕ್ಕಕ್ಕೆ ಒತ್ತಿಕೊಂಡು ಕೂತುಬಿಟ್ಟ.