ಹಕ್ಕಿಯ ಕಣ್ಣಿನ ನಾಲ್ಕು ಚೌಕ

ಓಣಿಯ ಜನಕ್ಕೆ ಅವಳು ಚೌಕದಮ್ಮ. ಹೆತ್ತವರು ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿದೆ, ಅದನ್ನು ಎಬ್ಬಿಸುವವರು ಯಾರೂ ಇಲ್ಲ. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ನಮೂನೆಯ ರಟ್ಟಿಗೆ ತೂತು ಕೊರೆದವಳು. ಚೌಕುಳಿ ಕಾಗದದ ಮೇಲೆ ಬರೆದ ಹೂವನ್ನು ಒಂದೊಂದೇ ಚೌಕ ಎಣಿಸಿ ರಟ್ಟಿಗೆ ಇಳಿಸಬೇಕು. ಆ ರಟ್ಟು ಹೇಳಿದಂತೆ ಮಗ್ಗ ಎಳೆ ಎತ್ತುತ್ತದೆ. ಒಂದು ತೂತು ಆಚೀಚೆಯಾದರೆ ಹೂವಿನ ಮೂಗು ಮುರಿಯಿತು ಅಂತಲೇ ಲೆಕ್ಕ, ಅದೂ ಒಂದು ಹೂವಿನದಲ್ಲ, ಥಾನುಗಟ್ಟಲೆ ಹೂವಿನದು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಶಾಯಿ ಹರಡಿದ ಒಂದು ಚೌಕವನ್ನು ತುಂಬಿದ್ದಿರಬಹುದು ಅಂದುಕೊಂಡು ಕೊರೆದಿದ್ದಳು. ಅರವತ್ತು ಗಜ ಪರದೆ ಬಟ್ಟೆಯ ಮೇಲೆ ಬಾತುಗಳೆಲ್ಲ ಕುಂಟಾಗಿ ಬಂದವು. ಮೇಸ್ತ್ರಿ ಬಯ್ಯಲಿಲ್ಲ. ಆ ಬಟ್ಟೆಯ ಒಂದು ತುಂಡು ಹರಿದು, ಅವಳ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ಹೋದ. ಅಂದಿನಿಂದ "ಇರಬಹುದು" ಅನ್ನುವ ಮಾತು ಕಿವಿಗೆ ಬಿದ್ದರೆ ಅವಳ ಹಲ್ಲು ಜುಮ್ಮೆನ್ನುತ್ತದೆ.

ಗಿರಣಿ ಬಿಟ್ಟ ಮೇಲೆ ಕೈ ಸುಮ್ಮನಿರಬೇಕಲ್ಲ. ಯಾರ ಹತ್ತಿರವೂ ಕಲಿಯದೆ, ತಾನೇ ಗುದ್ದಾಡಿ ಚೌಕಚಿತ್ರ ಕಟ್ಟುವುದನ್ನು ಕಲಿತಳು. ಅಡ್ಡಕ್ಕೆ ಹದಿನೈದು ಸಾಲು, ಉದ್ದಕ್ಕೆ ಹದಿನೈದು ಕಂಬದ ಖಾಲಿ ಮನೆಗಳು. ಎಡಕ್ಕೂ ಮೇಲಕ್ಕೂ ಅಂಕಿಗಳು. ಮೂರು ಅಂದರೆ ಆ ಸಾಲಿನಲ್ಲಿ ಒತ್ತಾಗಿ ಮೂರು ಚೌಕ ಕಪ್ಪು ಮಾಡಬೇಕು. ಒಂದು, ಎರಡು ಎಂದಿದ್ದರೆ ಮೊದಲು ಒಂದು, ನಡುವೆ ಜಾಗ, ಆಮೇಲೆ ಜೋಡಿ. ಸಾಲಿನ ಮಾತು, ಕಂಬದ ಮಾತು ಎರಡೂ ಕೂಡಿ ಬಂದ ಕಡೆ ಪೆನ್ಸಿಲ್ ಇಡುತ್ತ ಹೋದರೆ ಕೊನೆಗೆ ಕೆಟಲ್ಲೋ ಬೆಕ್ಕೋ ಎದ್ದು ಕೂರುತ್ತದೆ. ಆರು ವರ್ಷದಿಂದ ವಾರಪತ್ರಿಕೆಯ ಪುರವಣಿಯಲ್ಲಿ ಅವಳದೊಂದು ಮೂಲೆ ಇದೆ. ಅದರ ಕೆಳಗೆ ಅವಳೇ ಹಟ ಹಿಡಿದು ಹಾಕಿಸಿದ ಸಾಲು: "ಊಹೆ ಬೇಡ, ಯೋಚನೆ ಸಾಕು."

ಹೋದ ತಿಂಗಳು ಅವಳು ಬರೆದ ಒಂದು ಅಂಕಿ ತಪ್ಪಿ, ಹಾಗೇ ಅಚ್ಚಾಯಿತು. ಓದುಗರು ಪತ್ರದ ಮೇಲೆ ಪತ್ರ ಬರೆದು ಸಂಪಾದಕನ ಕಿವಿ ಹಿಂಡಿದರು. "ಅಮ್ಮಾ, ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಾಗಲ್ಲ. ಕಂಪ್ಯೂಟರ್ ಕಟ್ಟಿದ್ದು ಬೇಕಾದಷ್ಟು ಸಿಗುತ್ತೆ," ಎಂದಿದ್ದ. ಆ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ಅವಳಲ್ಲಿ ಉಳಿದುಬಿಟ್ಟಿತ್ತು. ಎರಡು ಸಲ ನೋಡುತ್ತಿದ್ದ ಕಡೆ ಐದು ಸಲ ನೋಡತೊಡಗಿದಳು. ಅನ್ನ ಬಸಿಯುವಾಗಲೂ ತುಟಿ ಅಂಕಿ ಎಣಿಸುತ್ತಿತ್ತು.

ಆ ಬುಧವಾರ ಮಧ್ಯಾಹ್ನ ಉಂಡೆದ್ದ ಅವಳ ಗಂಡ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ, ಪತ್ರಿಕೆಗೆ ಕಳಿಸಿದ ಚೌಕಚಿತ್ರದ ನಕಲು ಹಿಡಿದು ಕೂತಿದ್ದ. ಬಸ್ ಓಡಿಸಿ ನಿವೃತ್ತನಾದ ಮನುಷ್ಯ. ಪೆನ್ಸಿಲ್ ಮುಟ್ಟುವವನಲ್ಲ, ಪೆನ್ನೇ ಬೇಕು. ತೋಚಿದ ಕಡೆ ಗೀಚುವುದು, ತಪ್ಪಿದರೆ ನಗುವುದು.

"ಲೇ, ನಿನ್ನ ಹಕ್ಕಿಗೆ ಮೆಳ್ಳೆಗಣ್ಣೇನೇ?"

"ನಿಮ್ಮ ಪೆನ್ನಿಗೆ ಮೆಳ್ಳೆಗಣ್ಣು. ಎಷ್ಟು ಕಡೆ ಊಹೆ ಹೊಡೆದ್ರಿ?"

"ಒಂದೇ ಕಡೆ, ನಿನ್ನಾಣೆ. ಕಣ್ಣಿನ ಹತ್ರ. ಎಡಕ್ಕೂ ದಾರಿ ಇತ್ತು, ಬಲಕ್ಕೂ ದಾರಿ ಇತ್ತು. ಎಡಕ್ಕೆ ತಿರುಗಿಸ್ದೆ."

"ಅದಕ್ಕೇ ಹಳ್ಳಕ್ಕೆ ಬಿದ್ದಿದೀರಿ. ಕೊಡಿ ಇಲ್ಲಿ."

ತಪ್ಪು ತೋರಿಸಿ ನಾಲ್ಕು ಮಾತು ಆಡಿಯೇಬಿಡೋಣ ಎಂದು ಕನ್ನಡಕ ಏರಿಸಿದಳು. ಹಕ್ಕಿಯ ತಲೆ ಒಂದು ಬಳೆಯ ಹಾಗೆ, ಒಳಗೆಲ್ಲ ಬಿಳಿ. ನಟ್ಟನಡುವೆ ನಾಲ್ಕು ಚೌಕದ ಜಾಗದಲ್ಲಿ ಕಣ್ಣು. ಅವಳು ಮೇಲಿನ ಎಡದ್ದು, ಕೆಳಗಿನ ಬಲದ್ದು ಕಪ್ಪು ಮಾಡಿದ್ದಳು. ಗಂಡ ಮೇಲಿನ ಬಲದ್ದು, ಕೆಳಗಿನ ಎಡದ್ದು ತುಂಬಿದ್ದ. ಸಾಲಿನ ಅಂಕಿ ನೋಡಿದಳು: ಒಂದು, ಒಂದು, ಒಂದು. ಗಂಡನದು ಸರಿ. ಕಂಬ ನೋಡಿದಳು. ಅದೂ ಸರಿ. ಇನ್ನೊಂದು ಸಾಲು, ಇನ್ನೊಂದು ಕಂಬ. ಎಲ್ಲಿಯೂ ಎಳ್ಳಷ್ಟು ತಪ್ಪಿಲ್ಲ.

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಇನ್ನೊಮ್ಮೆ ನೋಡಿದಳು.

ಒಂದೇ ಅಂಕಿಗಳಿಗೆ ಎರಡು ಹಕ್ಕಿ. ಆ ನಾಲ್ಕು ಚೌಕದ ಬಾಗಿಲಲ್ಲಿ ಯಾರೇ ಬಂದು ನಿಂತರೂ ಊಹೆ ಮಾಡದೆ ಒಳಗೆ ಹೋಗುವಂತಿಲ್ಲ. ಕೆಳಗೆ ಮಾತ್ರ ದಪ್ಪಕ್ಷರದಲ್ಲಿ, ಊಹೆ ಬೇಡ!

ಹೇಗೆ ಕಣ್ತಪ್ಪಿತು ಎಂಬುದು ಅವಳಿಗೆ ಕೂಡಲೇ ಹೊಳೆಯಿತು. ಕಟ್ಟಿದ ಚಿತ್ರವನ್ನು ಅವಳು ಹತ್ತು ದಿನ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮರೆಯುತ್ತಾಳೆ. ಪೂರಾ ಮರೆತ ಮೇಲೆ ಬರೀ ಅಂಕಿ ಇಟ್ಟುಕೊಂಡು, ಪರರ ಮನೆಯ ಬೀಗ ತೆಗೆಯುವವಳಂತೆ ಬಿಡಿಸಿ ನೋಡುತ್ತಾಳೆ. ಈ ಸಲ ರಜೆ ಇದೆ, ಬೇಗ ಕಳಿಸಿ ಎಂದು ಸಂಪಾದಕ ಅವಸರ ಮಾಡಿದ. ಮಾರನೇ ದಿನವೇ ಡಬ್ಬಿ ತೆಗೆದಳು. ಆ ಕಣ್ಣಿನ ಹತ್ತಿರ ಅವಳು ಯೋಚಿಸಲೇ ಇಲ್ಲ, ಕೈಗೆ ನೆನಪಿತ್ತು, ಕೈ ತುಂಬಿತು. ಅವಳೂ ಊಹೆಯನ್ನೇ ಮಾಡಿದ್ದಳು, ಆದರೆ ಅದು ಅವಳಿಗೇ ಗೊತ್ತಾಗಲಿಲ್ಲ.

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಐದಕ್ಕೆ ಪುಟ ಅಚ್ಚಿಗೆ ಹೋಗುತ್ತದೆ. ಫೋನ್ ಮಾಡಿದಳು. ಪುಟ ಕಟ್ಟುವ ದಿನ ಸಂಪಾದಕ ಫೋನ್ ಎತ್ತುವುದಿಲ್ಲವೆಂದು ಗೊತ್ತಿದ್ದೂ ಮೂರು ಸಲ ಮಾಡಿದಳು.

"ಬಿಟ್ಟಾಕೇ," ಅಂದ ಗಂಡ. "ನಾಲ್ಕು ಚೌಕ. ಯಾರು ನೋಡ್ತಾರೆ? ನೀನಾಗೇ ಹೋಗಿ ಹೇಳಿದ್ರೆ ಅವನು ನಿನ್ನ ಮೂಲೆ ಕಿತ್ಕೊಳ್ತಾನೆ. ನಾನಂತೂ ಬಾಯಿ ಬಿಡಲ್ಲ."

"ನೀವು ಬಾಯಿ ಬಿಡೋದಿಲ್ಲ ಸರಿ. ಗಿರಣಿ ಗೋಡೆ ಮೇಲಿನ ಕುಂಟು ಬಾತು ಸುಮ್ಮನಿರುತ್ತಾ?"

ಪತ್ರಿಕೆಯ ಕಚೇರಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಹೊರಗೇನಿದೆ ಎಂದು ಕಾಣಲಿಲ್ಲ. ಗಂಡನ ಮಾತಿನಲ್ಲಿ ಹುರುಳಿತ್ತು. ಹೇಳಿದರೆ ಮೂಲೆ ಹೋಗುವುದು ಹೆಚ್ಚುಕಡಿಮೆ ಖಂಡಿತ, ಸುಮ್ಮನಿದ್ದರೆ ಉಳಿದರೂ ಉಳಿದೀತು. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗಿದರೆ ಯಾರು ಕೇಳುತ್ತಾರೆ? ನಿಲ್ದಾಣ ಬಂತು. ಎದ್ದಳು, ಮತ್ತೆ ಕೂತಳು. ಹಿಂದೊಮ್ಮೆ ಲಿಫ್ಟ್ ನಡೆಸುವವನೊಬ್ಬ ಬರೆದ ಕಾರ್ಡು ನೆನಪಾಗಿತ್ತು: "ಅಮ್ಮಾ, ಎರಡು ದಿನ ಒಂದೇ ಕಡೆ ಸಿಕ್ಕಿಕೊಂಡೆ. ಊಹೆ ಬೇಡ ಅಂತ ನೀವು ಬರೆದಿದ್ದೀರಲ್ಲ, ದಾರಿ ಇದ್ದೇ ಇರುತ್ತೆ ಅಂತ ಬಿಡಲಿಲ್ಲ. ಸಿಕ್ಕಿತು." ಆ ಪುಣ್ಯಾತ್ಮ ಈ ವಾರವೂ ಮಹಡಿಯಿಂದ ಮಹಡಿಗೆ ಏರಿಳಿಯುತ್ತ ಈ ಕಣ್ಣಿನ ಮುಂದೆ ಕೂರುತ್ತಾನೆ. ಇಲ್ಲದ ದಾರಿ ಹುಡುಕುತ್ತಾನೆ. ಸಿಗದಿದ್ದಾಗ ತನ್ನ ತಲೆಯನ್ನೇ ಬಯ್ದುಕೊಳ್ಳುತ್ತಾನೆ.

ಮೊಣಕಾಲ ಮೇಲೆ ಕಾಗದ ಹರಡಿದಳು. ಕಣ್ಣಿಗೆ ಮೂರನೆಯ ಚೌಕ, ಮೇಲಿನ ಬಲದ್ದು, ತುಂಬಿದರೆ? ಮೇಲಿನ ಸಾಲಿನಲ್ಲಿ ಒಂದು ಹೋಗಿ ಎರಡು, ಬಲಗಡೆ ಕಂಬದಲ್ಲೂ ಒಂದು ಹೋಗಿ ಎರಡು. ಎರಡೇ ಅಂಕಿ ತಿದ್ದಿದರೆ ಸಾಕು, ಕಣ್ಣು ಕದಲುವುದಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಮತ್ತೆ ಮೊದಲಿಂದ ಎಣಿಸಿದಳು.

ಕಚೇರಿಯ ಮೆಟ್ಟಿಲು ಹತ್ತುವಾಗ ನಾಲ್ಕೂ ಮುಕ್ಕಾಲು. ಸಂಪಾದಕ ಪುಟ ಕಟ್ಟುವವನ ಹೆಗಲ ಮೇಲಿಂದ ಪರದೆ ನೋಡುತ್ತ ನಿಂತಿದ್ದ.

"ಸಾರ್, ಹಕ್ಕಿಗೆ ಎರಡು ಉತ್ತರ ಇದೆ," ಎಂದು ಬಾಗಿಲಲ್ಲೇ ಹೇಳಿಬಿಟ್ಟಳು. ಒಳಗೆ ಹೋಗಿ ಹೇಳೋಣವೆಂದರೆ ಧೈರ್ಯ ಅಲ್ಲಿಯತನಕ ಬರುವ ನಂಬಿಕೆ ಇರಲಿಲ್ಲ.

ಅವನು ತಲೆ ಮೇಲೆ ಕೈಯಿಟ್ಟ. "ಅಮ್ಮಾ! ಈ ಹೊತ್ತಲ್ಲಿ?"

"ಎರಡು ಅಂಕಿ ಬದಲಿಸಿದ್ರೆ ಆಯ್ತು. ಐದನೇ ಸಾಲು, ಒಂಬತ್ತನೇ ಕಂಬ. ಎರಡರಲ್ಲೂ ನಡುವಿನ ಒಂದನ್ನ ಎರಡು ಮಾಡಿ."

ಪುಟ ಕಟ್ಟುವವನು ತಿದ್ದಿದ. ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಐದಕ್ಕೆ ಎರಡು ನಿಮಿಷ ಇರುವಾಗ ಪುಟ ಹೋಯಿತು. ಸಂಪಾದಕ ಅವಳಿಗೊಂದು ಕುರ್ಚಿ ಎಳೆದು ಕೊಟ್ಟ. ಇನ್ನೇನು ಹೇಳುತ್ತಾನೆ ಎಂದು ಅವಳು ಚೀಲದ ಹಿಡಿ ಬಿಗಿಹಿಡಿದಳು.

"ಯಾರು ಕಂಡುಹಿಡಿದಿದ್ದು?"

"ನಮ್ಮ ಯಜಮಾನರು."

"ಅವರಿಗೂ ನಿಮ್ಮಷ್ಟೇ ಗೊತ್ತಾ?"

"ಎಲ್ಲಿ ಬಂತು! ಮನಸ್ಸಿಗೆ ಬಂದ ಕಡೆ ಗೀಚ್ತಾರೆ. ಶುದ್ಧ ಊಹೆ."

ಅವನು ನಗಲಿಲ್ಲ. "ಮುಚ್ಚಿಡಬಹುದಿತ್ತು, ನೀವು ಬಂದ್ರಿ. ಮೂಲೆ ಇರಲಿ. ಆದ್ರೆ ಒಂದು ಷರತ್ತು. ನಿಮಗೆ ಉತ್ತರ ಮೊದಲೇ ಗೊತ್ತಿರುತ್ತೆ. ಇನ್ನು ಮೇಲೆ ಪ್ರತಿ ಚಿತ್ರದ ಜೊತೆ ಅವರು ಬಿಡಿಸಿದ ಹಾಳೆನೂ ಬರಬೇಕು. ಪೆನ್ನಲ್ಲಿ."

ಊಹೆಯನ್ನು ಜೀವಮಾನವಿಡೀ ಬಯ್ದವಳಿಗೆ ಊಹೆಯೇ ಕಾವಲುಗಾರ! ಮೂಲೆ ಉಳಿದ ಸಮಾಧಾನಕ್ಕೆ ನಗಬೇಕೋ, ಗಂಡನಿಗೆ ಇದನ್ನು ಹೇಗೆ ಹೇಳುವುದೆಂದು ಅಳಬೇಕೋ ತಿಳಿಯದೆ ಮನೆ ಸೇರಿದಳು. ಹೇಳಿದಾಗ ಅವನು ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದ.

ಮುಂದಿನ ವಾರದ ಚಿತ್ರವನ್ನು ಅವನ ಕೈಗಿತ್ತು, ಎದುರಿಗಿನ ಮಣೆಯ ಮೇಲೆ ಕೂತಳು. ಪೆನ್ನು ಓಡುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು. ಅರ್ಧ ಗಂಟೆಯಾಯಿತು. ಅವನ ಹುಬ್ಬು ಗಂಟಿಕ್ಕಿತು. ಪೆನ್ನನ್ನು ಗಾಳಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದ.

"ಏನು?" ಅವಳು ಮಣೆಯಿಂದ ಅರ್ಧ ಎದ್ದಳು.

"ಏನೇ ಇದು," ಅವನು ಗೊಣಗಿದ. "ಒಂದು ಕಡೆನೂ ಊಹೆ ಹೊಡಿಯೋಕೆ ಜಾಗನೇ ಬಿಟ್ಟಿಲ್ವಲ್ಲೇ."