‘ಅವರವ್ವ ಒಯ್ದಳು’ ಎಂದ ಮಧ್ಯಾಹ್ನ

ಬುದ್ಧ ಪೂರ್ಣಿಮೆ ಹತ್ತಿರ ಬಂತೆಂದರೆ ನಮ್ಮ ಮನೆಯ ತುಂಬ ಗಂಜಿ ಹಾಕಿದ ಬಿಳಿ ಸೀರೆಗಳ ವಾಸನೆ ಇರುತ್ತಿದ್ದ ಕಾಲವದು. ದಿನಕ್ಕೆರಡೇ ಬಸ್ಸು ಬರುತ್ತಿದ್ದ ನಮ್ಮೂರ ಹೊರಗಿನ ಬಯಲಿನಲ್ಲಿ, ಪೂರ್ಣಿಮೆಗೆ ಹತ್ತಿರದ ಶನಿವಾರ, ರವಿವಾರ ಎರಡು ದಿನ ಹಬ್ಬ. ಸೇಡಂ, ಚಿತ್ತಾಪುರ, ಕಾಳಗಿ ಕಡೆಯಿಂದ ಟಂಟಂ ಆಟೊ, ಟ್ರ್ಯಾಕ್ಟರುಗಳಲ್ಲಿ ಜನ ಬಂದು ಇಳಿಯುತ್ತಿದ್ದರು. ಬಯಲಿನ ಆಚೆ ತುದಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಬೇಸಿಗೆಯಲ್ಲೂ ಅದರಲ್ಲಿ ಹಸಿರು ನೀರು ನಿಂತಿರುತ್ತಿತ್ತು.

ನಾನು ಆರನೆಯ ತರಗತಿ ಮುಗಿಸಿದ ವರ್ಷ, ಚಿಕ್ಕಪ್ಪನ ಹೆಂಡತಿ ನಾಗಮ್ಮ ಕಾಕು ನನ್ನನ್ನೂ ಸ್ವಯಂಸೇವಕಿಯರಲ್ಲಿ ಸೇರಿಸಿಕೊಂಡಳು. ಮಹಿಳಾ ತಂಡದ ಹಿರಿಯಳು ಅವಳೇ. ಎದೆಗೆ ನೀಲಿ ರಿಬ್ಬನ್ನಿನ ಬಿಲ್ಲೆ ಚುಚ್ಚಿ, “ತಪ್ಪಿಸಿಕೊಂಡ ಕೂಸುಗಳು ನಿನ್ನ ಕೈಯಾಗ. ಅವರವ್ವ ಅಪ್ಪ ಬರೂತನಕ ಕೈ ಬಿಡಬ್ಯಾಡ” ಎಂದಳು.

ಶನಿವಾರ ಮೂರು ಮಕ್ಕಳನ್ನು ಅವರವರ ಮನೆಯವರಿಗೆ ಒಪ್ಪಿಸಿದೆ. ಒಬ್ಬಾಕೆ ನನ್ನ ತಲೆ ಸವರಿ ಕೈತುಂಬ ಸುಸಲಾ ಕೊಟ್ಟು ಹೋದಳು. ಒಗ್ಗರಣೆಯ ಆ ಮಂಡಕ್ಕಿ ತಿನ್ನುತ್ತ ನನ್ನಷ್ಟು ದೊಡ್ಡ ಮನುಷ್ಯಳು ಇಲ್ಲವೆಂದುಕೊಂಡೆ.

ರವಿವಾರ ಹನ್ನೊಂದು ಗಂಟೆಗೆ ಯಾರೋ ಒಂದು ಹೆಣ್ಣು ಕೂಸನ್ನು ನಮ್ಮ ಪೆಂಡಾಲಿಗೆ ತಂದು ಬಿಟ್ಟರು. ಮೂರೂವರೆ ವರ್ಷ ಇದ್ದೀತು. ಹಳದಿ ಫ್ರಾಕು, ಹೆಸರು ಕೇಳಿದರೆ ಬರೀ ಅಳು. ಕಲ್ಲಿನ ಚೂರುಗಳಿಂದ ಹರಳಾಟ ಆಡಿ ತೋರಿಸಿದ ಮೇಲೆ ಸುಮ್ಮನಾಯಿತು. ಮೈಕಿನಲ್ಲಿ ಕೂಗುತ್ತಲೇ ಇದ್ದರು, ಯಾರೂ ಬರಲಿಲ್ಲ. ಬಿಸಿಲಿಗೆ ಪೆಂಡಾಲಿನ ತಗಡು ಕಾದು ಉಸಿರು ಕಟ್ಟುತ್ತಿತ್ತು. ಕೊಡದಲ್ಲಿ ಹನಿ ನೀರಿಲ್ಲ.

“ಅಕ್ಕಾ, ನೀರು” ಎಂದಿತು ಕೂಸು.

“ಇಲ್ಲೇ ಕುಂದ್ರು, ತರ್ತೀನಿ.”

ಎತ್ತಿಕೊಂಡು ಹೋಗಬೇಕಿತ್ತು. ಟ್ಯಾಂಕರಿನ ಮುಂದೆ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ನೂಕಾಡಿ ಒಂದು ಲೋಟ ಹಿಡಿದು ಬರುವಷ್ಟರಲ್ಲಿ ಹರಳುಗಳು ಅಲ್ಲೇ ಇದ್ದವು, ಕೂಸಿರಲಿಲ್ಲ.

ನಾವು ಕೂರುತ್ತಿದ್ದ ಮಂಚದ ಕೆಳಗೆ ನೋಡಿದೆ. ಪೆಂಡಾಲಿನ ಹಿಂದೆ, ಚಪ್ಪಲಿಗಳ ರಾಶಿಯ ಹತ್ತಿರ, ಅಡುಗೆ ಒಲೆಗಳ ನಡುವೆ ಓಡಿದೆ. ಹಳದಿ ಕಂಡಲ್ಲೆಲ್ಲ ಎದೆ ಹಾರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆಂದು ಅನಿಸುತ್ತಿತ್ತು. ವಾಪಸ್ಸು ಬಂದರೆ ಕಾಕು ನಿಂತಿದ್ದಳು.

“ಎಲ್ಲಿ ಕೂಸು?”

“ಅವರವ್ವ ಬಂದು ಒಯ್ದಳು.”

ಹೇಗೆ ಬಂತೋ ಆ ಮಾತು. ಕಾಕು ಮತ್ತೊಂದು ಪ್ರಶ್ನೆ ಕೇಳಲಿಲ್ಲ. “ಛಲೋ ಆತವ್ವ” ಎಂದು ನನ್ನ ಮುಖದ ಬೆವರು ಸೆರಗಿನಿಂದ ಒರೆಸಿ, ಮೈಕಿನವರಿಗೆ ಕೂಗುವುದು ಸಾಕೆಂದು ಹೇಳಿದಳು.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ತೇಕುತ್ತ ಓಡಿ ಬಂದಳು. “ಹಳದಿ ಫ್ರಾಕಿಂದು ನನ್ನ ಕೂಸು ಇಲ್ಲಿ ಅದ ಅಂತ ಅಂದ್ರು ರೀ...”

“ಅದರವ್ವ ಆಗಲೇ ಒಯ್ದಾಳಲ್ಲ ತಂಗಿ. ನಮ್ಮ ಹುಡುಗಿನೇ ಕೈಯಾಗ ಕೊಟ್ಟಾಳ” ಎಂದಳು ಕಾಕು.

“ನಾನೇ ರೀ ಅದರವ್ವ!”

ಆ ಕೂಗಿಗೆ ಸುತ್ತಲಿನವರೆಲ್ಲ ತಿರುಗಿದರು. ಕೂಸನ್ನು ಯಾರೋ ಕದ್ದರೆಂದು ಗದ್ದಲವೆದ್ದಿತು. ಗಂಡಸರು ರಸ್ತೆಗೆ ಓಡಿ ಟಂಟಂಗಳನ್ನು ಅಡ್ಡಗಟ್ಟಿದರು. ತಾಯಿ ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದಳು. “ಹ್ಯಾಂಗಿದ್ದಳವ್ವ ಅಕಿ? ಯಾವ ಸೀರಿ ಉಟ್ಟಿದ್ದಳು?”

“ಕೆಂಪು ಸೀರಿ” ಎಂದೆ. ಮತ್ತೊಂದು ಸುಳ್ಳು. ರಸ್ತೆಯಲ್ಲಿ ಕೆಂಪು ಸೀರೆಯ ಹೆಂಗಸೊಬ್ಬಳನ್ನು ಟಂಟಂನಿಂದ ಇಳಿಸಿ ಬೈಯತೊಡಗಿದರು. ಅವಳು ಕೈ ಮುಗಿದು ಅಳುತ್ತಿದ್ದಳು. ಎಲ್ಲರೂ ರಸ್ತೆಯ ಕಡೆಗೆ ಓಡುತ್ತಿದ್ದರು, ಖಣಿಯ ಕಡೆಗೆ ಯಾರೂ ಇಲ್ಲ ಎಂದು ಆಗ ನನಗೆ ಹೊಳೆಯಿತು.

“ಕಾಕು, ಯಾರೂ ಒಯ್ದಿಲ್ಲ. ನಾನು ನೀರಿಗಿ ಹೋಗಿದ್ದೆ. ಖಣಿ ಕಡೆ ನೋಡ್ರಿ, ಖಣಿ ಕಡೆ...”

ಕಾಕು ನನ್ನನ್ನು ಒಮ್ಮೆ ನೋಡಿದಳು. ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲೇ ಕಾದ ಕಲ್ಲಿನ ಮೇಲೆ ಓಡಿದಳು. ಹಿಂದೆ ತಾಯಿ, ಅವಳ ಹಿಂದೆ ನಾನು.

ಖಣಿಯ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೊನೆಯ ಕಲ್ಲಿನ ಮೇಲೆ ಹಳದಿ ಫ್ರಾಕು ಕುಳಿತಿತ್ತು. ಸೊಂಟದವರೆಗೆ ತೊಯ್ದಿತ್ತು. ಬೊಗಸೆಯಲ್ಲಿ ನೀರು ಮೊಗೆಯಲು ಮತ್ತೆ ಬಗ್ಗುತ್ತಿತ್ತು. ಮುಂದೆ ಆಳು ಮುಳುಗುವಷ್ಟು ನೀರು. ಕೂಗಿದರೆ ಬೆಚ್ಚಿ ಬೀಳುತ್ತದೆಂದು ಕಾಕು ತಾಯಿಯ ಬಾಯಿ ಒತ್ತಿ ಹಿಡಿದಳು. ನಮ್ಮ ಬೆನ್ನಿಗೇ ಬಂದಿದ್ದ ಮುದುಕನೊಬ್ಬ, ಹಿಂದೆ ಅದೇ ಖಣಿಯಲ್ಲಿ ಕಲ್ಲು ಒಡೆದವನು, ಸದ್ದಿಲ್ಲದೆ ಇಳಿದು ಕೂಸಿನ ಬಗಲಿಗೆ ಕೈ ಹಾಕಿದ.

ತಾಯಿ ಕೂಸಿಗೆ ಒಂದೇಟು ಹಾಕಿ, ಆಮೇಲೆ ಎದೆಗವಚಿಕೊಂಡು ನೆಲಕ್ಕೆ ಕುಸಿದಳು. ನನ್ನ ಕಡೆ ನೋಡಲಿಲ್ಲ.

ಸಂಜೆ ಬಿಲ್ಲೆ ತೆಗೆದು ಕಾಕುವಿನ ಮುಂದಿಟ್ಟೆ. “ಉಂಡು ಮಕ್ಕೋ” ಎಂದಳು, ಅಷ್ಟೇ. ಅವಳ ಅಂಗಾಲಿನ ತುಂಬ ಬೊಬ್ಬೆಗಳಿದ್ದವು.

ಕಾಕು ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಅಲ್ಲಿಯವರೆಗೂ ನನ್ನ ತಲೆ ಬಾಚಿದಳು, ಬಾಣಂತನ ಮಾಡಿದಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಆ ದಿನದ ನಂತರ ನಾನೇನು ಹೇಳಿದರೂ ಒಂದು ಗಳಿಗೆ ನನ್ನ ಮುಖ ನೋಡಿ “ಖರೇನಾ?” ಎನ್ನುತ್ತಿದ್ದಳು. ಪಾಸಾದೆ ಅಂದರೂ, ಜ್ವರ ಬಂದಿದೆ ಅಂದರೂ. ಮೊದಲು ಹಾಗೆ ಕೇಳುತ್ತಿರಲಿಲ್ಲ. ಈಗ ಕಚೇರಿಗಳಲ್ಲಿ ನನ್ನ ಮಾತಿಗೆ ಸಾಕ್ಷಿ, ಸಹಿ, ಫೋಟೊ ಎಲ್ಲ ಕೇಳುವವರಿದ್ದಾರೆ, ನಾನೂ ಕೊಡುತ್ತೇನೆ. ಏನೂ ಕೇಳದೆ, ನನ್ನ ಬೆವರು ಒರೆಸಿ ನಂಬಿದವಳು ಅವಳೊಬ್ಬಳೇ. ಹಾಗೆ ನಂಬಿದ್ದು ಅದೇ ಕೊನೆಯ ಸಲ, ನಾನು ಸುಳ್ಳು ಹೇಳಿದಾಗ.